ಗೆರೆ ಎಳೆದವರು ಯಾರು, ಕಂದಾಯ ಉಳಿದದ್ದು ಎಲ್ಲಿ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಐದು ಹೊಸ ಪಾಲಿಕೆಗಳ ವಾರ್ಡ್‌ಗಳ ಕರಡು ನಕ್ಷೆ ಪ್ರಕಟವಾದಾಗ ಎಲ್ಲರಂತೆ ನಾನೂ ಮೊದಲು ಹುಡುಕಿದ್ದು ನಮ್ಮ ಮನೆಯನ್ನು. ಸಿಕ್ಕಿತು. ಮನೆಯ ಮುಂದಿನ ರಸ್ತೆಯ ನಟ್ಟನಡುವೆ ಒಂದು ಗೆರೆ ಹಾದುಹೋಗಿತ್ತು. ನಮ್ಮ ಸಾಲು ಒಂದು ವಾರ್ಡಿಗೆ, ಎದುರು ಸಾಲು ಇನ್ನೊಂದಕ್ಕೆ. ಹಾಲಿನವನು ಒಬ್ಬನೇ, ಕಸದ ಆಟೊ ಒಂದೇ, ಮಳೆ ಬಂದರೆ ನೀರು ನಿಲ್ಲುವ ತಗ್ಗೂ ಒಂದೇ. ಪಾಲಿಕೆ ಸದಸ್ಯರು ಮಾತ್ರ ಇಬ್ಬರು. ಹದಿನೈದು ವರ್ಷಗಳಿಂದ ನಾನು ಮನೆ ಬದಲಾಯಿಸಿಲ್ಲ. ಆದರೆ ಈ ಅವಧಿಯಲ್ಲಿ ನಗರದ ನಕ್ಷೆ 198 ವಾರ್ಡ್‌ಗಳದ್ದಾಗಿತ್ತು, 2022ರಲ್ಲಿ 243ಕ್ಕೇರಿತು, 2023ರಲ್ಲಿ 225ಕ್ಕಿಳಿಯಿತು, 2025ರಲ್ಲಿ ಐದು ಪಾಲಿಕೆಗಳಿಗೆ ಸೇರಿ 369 ಎಂದು ಅಂತಿಮಗೊಂಡಿತು. ಕುಳಿತಲ್ಲೇ ಕುಳಿತು ನಾನು ನಾಲ್ಕು ನಕ್ಷೆಗಳ ನಿವಾಸಿಯಾಗಿದ್ದೇನೆ.

ಈ ಗೆರೆಗಳನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಚುನಾವಣೆಯ ಸುತ್ತಲೇ ತಿರುಗುತ್ತದೆ. ಯಾವ ಪಕ್ಷಕ್ಕೆ ಅನುಕೂಲ, ಯಾವ ವಾರ್ಡಿಗೆ ಯಾವ ಮೀಸಲು, ಯಾವ ನಾಯಕರ ಭದ್ರಕೋಟೆ ಒಡೆಯಿತು ಎಂಬುದೇ ಸುದ್ದಿ. 2022ರಲ್ಲಂತೂ ಹೊಸ ವಾರ್ಡ್‌ಗಳಿಗೆ ಇಟ್ಟ ಹೆಸರುಗಳ ಬಗ್ಗೆಯೇ ವಾರಗಟ್ಟಲೆ ವಾದ ನಡೆಯಿತು. ಆದರೆ ಸ್ಥಳೀಯ ಸಂಸ್ಥೆಯ ಗಡಿಯೆಂದರೆ ಮತದ ಗಡಿ ಮಾತ್ರವಲ್ಲ. ಅದು ಹಣದ ಗಡಿಯೂ ಹೌದು. ಯಾರ ಮನೆಯ ಕಂದಾಯ ಯಾರ ಚರಂಡಿಗೆ ಖರ್ಚಾಗಬೇಕು ಎಂಬುದನ್ನು ಆ ಗೆರೆಯೇ ತೀರ್ಮಾನಿಸುತ್ತದೆ. ಒಂದೇ ಪಾಲಿಕೆಯಿದ್ದ ಊರು ಐದು ಪಾಲಿಕೆಗಳ ಊರಾದ ಮೇಲೆ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

ಬೆಂಗಳೂರಿಗೆ ಈ ಅನುಭವ ಹೊಸದೇನೂ ಅಲ್ಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭಾ ಮಂಡಳಿಗಳು ಹುಟ್ಟಿದವು. ನಡುವೆ ಕಬ್ಬನ್ ಪಾರ್ಕು, ಆ ಕಡೆ ಒಂದು ಆಡಳಿತ, ಈ ಕಡೆ ಇನ್ನೊಂದು. ಅವೆರಡನ್ನು ಕೂಡಿಸಿ ಒಂದು ನಗರಪಾಲಿಕೆ ಮಾಡಿದ್ದು 1949ರಲ್ಲಿ. ಆಮೇಲಿನ ದೊಡ್ಡ ಜೋಡಣೆ 2007ರದ್ದು. ನೂರು ವಾರ್ಡ್‌ಗಳ ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಸುಮಾರು 226 ಚದರ ಕಿಲೋಮೀಟರಿನ ಊರು ಒಮ್ಮೆಗೇ 700 ಚದರ ಕಿಲೋಮೀಟರು ದಾಟಿತು.

ಆ ಜೋಡಣೆಯ ನಿಜವಾದ ಲೆಕ್ಕ ತಿಳಿಯಬೇಕಾದರೆ 110 ಹಳ್ಳಿಗಳನ್ನು ನೋಡಬೇಕು. ಗಡಿಯೊಳಗೆ ಬಂದ ಮೇಲೆ ಅಲ್ಲಿನವರೂ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟಬೇಕಾಯಿತು. ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಈ ಹಳ್ಳಿಗಳನ್ನು ಮುಖ್ಯವಾಗಿಟ್ಟುಕೊಂಡು ಹರಿಯತೊಡಗಿದ್ದು 2024ರ ಅಕ್ಟೋಬರಿನಲ್ಲಿ. ಗಡಿ ಬಂದದ್ದು 2007ರಲ್ಲಿ, ನೀರು ಬಂದದ್ದು ಹದಿನೇಳು ವರ್ಷಗಳ ನಂತರ. ನಡುವಿನ ಅಷ್ಟೂ ವರ್ಷ ಅಲ್ಲಿನ ಜನ ಪಾಲಿಕೆಗೆ ಕಂದಾಯವನ್ನೂ ಟ್ಯಾಂಕರಿಗೆ ದುಡ್ಡನ್ನೂ ಕೊಟ್ಟರು. ಎಷ್ಟೋ ಮನೆಗಳಿಗೆ ಸಿಕ್ಕಿದ್ದು ‘ಬಿ’ ಖಾತಾ. ಅಂದರೆ ತೆರಿಗೆ ಪಡೆದುಕೊಳ್ಳುತ್ತೇವೆ, ಆದರೆ ನಿಮ್ಮ ಮನೆ ಸಕ್ರಮವೆಂದು ಒಪ್ಪಿಕೊಂಡಿಲ್ಲ ಎಂಬ ವಿಚಿತ್ರ ಕಾಗದ. ಗಡಿಯೊಳಗೆ ಸೇರಿಸಿಕೊಳ್ಳುವುದು ಒಂದು, ಪಾಲು ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಅಧಿಸೂಚನೆ ಸಾಕು.

ಜನಸಂಖ್ಯೆಯ ವಿಷಯಕ್ಕೆ ಬರೋಣ. 2011ರ ಜನಗಣತಿಯಂತೆ ಪಾಲಿಕೆಯ ವ್ಯಾಪ್ತಿಯಲ್ಲಿದ್ದವರು ಸುಮಾರು 84.4 ಲಕ್ಷ. 198 ವಾರ್ಡ್‌ಗಳಿಗೆ ಹಂಚಿದರೆ ವಾರ್ಡೊಂದಕ್ಕೆ ಸರಾಸರಿ ನಲವತ್ತೆರಡು ಸಾವಿರದ ಆರುನೂರು. ಆದರೆ ಹೊರಮಾವು ವಾರ್ಡಿನಲ್ಲಿ ಆಗಲೇ ತೊಂಬತ್ತೈದು ಸಾವಿರ ಜನ ಇದ್ದರು, ಸರಾಸರಿಯ ಇಮ್ಮಡಿಗಿಂತಲೂ ಹೆಚ್ಚು. ನಗರ ಬೆಳೆಯುವ ಅಂಚಿನಲ್ಲಿ ಒಬ್ಬ ಸದಸ್ಯ ಇಬ್ಬರ ಹೊರೆ ಹೊತ್ತರೆ, ಹಳೆಯ ಬಡಾವಣೆಗಳಲ್ಲಿ ಅದರ ಅರ್ಧದಷ್ಟೂ ಇಲ್ಲ. 369 ವಾರ್ಡ್‌ಗಳ ನಕ್ಷೆಯಲ್ಲಿ ಸರಾಸರಿ ಇಪ್ಪತ್ಮೂರು ಸಾವಿರದ ಆಸುಪಾಸಿಗೆ ಇಳಿದಿದೆ. ಸಣ್ಣ ವಾರ್ಡು ಒಳ್ಳೆಯದೇ. ಸದಸ್ಯರನ್ನು ಬೀದಿಯಲ್ಲಿ ನಿಲ್ಲಿಸಿ ಮಾತನಾಡಿಸಬಹುದು. ತೊಂದರೆಯೇನೆಂದರೆ, ಈ ನಕ್ಷೆಯೂ ನಿಂತಿರುವುದು ಅದೇ 2011ರ ತಲೆಲೆಕ್ಕದ ಮೇಲೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹೀಗಾಗಿ ಕಳೆದ ಹದಿನೈದು ವರ್ಷಗಳಲ್ಲಿ ವೈಟ್‌ಫೀಲ್ಡ್, ವರ್ತೂರು, ಬೆಳ್ಳಂದೂರುಗಳ ಸುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ, ಅವುಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇರುವವರು ಗೆರೆ ಎಳೆದವರ ಲೆಕ್ಕಕ್ಕೆ ಸಿಕ್ಕಿಯೇ ಇಲ್ಲ.

ಗೆರೆ ಎಳೆಯುವವರು ಯಾರು? ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ವಾರ್ಡ್ ವಿಂಗಡಣೆಗೆ ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಪ್ರತ್ಯೇಕ ಆಯೋಗವಿದೆ. ಬೆಂಗಳೂರಿನಲ್ಲಿ ಅದು ಸರ್ಕಾರದ ಕೆಲಸ: ಅಧಿಕಾರಿಗಳ ಸಮಿತಿ ಕರಡು ಸಿದ್ಧಪಡಿಸುತ್ತದೆ, ಆಕ್ಷೇಪಣೆಗೆ ಕೆಲವು ದಿನ ಕೊಡುತ್ತದೆ, ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಕೇರಳದ ವ್ಯವಸ್ಥೆ ದೂರುಗಳಿಂದ ಮುಕ್ತ ಎಂದು ನಾನು ಹೇಳುತ್ತಿಲ್ಲ. ಆದರೆ ಸರ್ಕಾರ ಬದಲಾದಾಗಲೆಲ್ಲ ನಕ್ಷೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಾವೇ ಸಾಕ್ಷಿ. ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ 2025ರ ಕೊನೆಯವರೆಗೆ ಮೂರು ಬಾರಿ ನಕ್ಷೆ ಬದಲಾಯಿತು, ಒಂದು ಬಾರಿಯೂ ಮತದಾನ ನಡೆಯಲಿಲ್ಲ. ಆ ಐದು ವರ್ಷಗಳ ಉದ್ದಕ್ಕೂ ಕಂದಾಯ ವಸೂಲಿಗೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ.

ಕಂದಾಯಕ್ಕೂ ಅದರದೇ ನಕ್ಷೆಯಿದೆ ಎಂಬುದನ್ನು ಎಷ್ಟೋ ಜನ ಗಮನಿಸಿರುವುದಿಲ್ಲ. 2000ದಲ್ಲಿ ಬೆಂಗಳೂರು ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿಗೆ ಬಂತು. ಅದಕ್ಕೆ ಮುಂಚೆ ಕಂದಾಯ ಅಧಿಕಾರಿ ಮನೆ ನೋಡಿ ಬಾಡಿಗೆ ಅಂದಾಜು ಮಾಡುವ ಕಾಲ. ಆ ಅಂದಾಜು ಹೇಗೆ ಏರುತ್ತಿತ್ತು, ಹೇಗೆ ಇಳಿಯುತ್ತಿತ್ತು ಎಂಬುದು ಆ ಪೀಳಿಗೆಯವರಿಗೆ ಗೊತ್ತು. 2008ರಲ್ಲಿ ಚದರಡಿ ಲೆಕ್ಕದ ಪದ್ಧತಿ ಬಂತು. ಜಮೀನಿನ ಮಾರ್ಗಸೂಚಿ ಬೆಲೆಯ ಆಧಾರದ ಮೇಲೆ ಊರಿನ ಬೀದಿಗಳನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯಗಳಾಗಿ ವಿಂಗಡಿಸಿದರು. ಮೊದಲ ದರಪಟ್ಟಿಯಲ್ಲಿ ಸ್ವಂತ ವಾಸದ ಆರ್‌ಸಿಸಿ ಮನೆಗೆ ‘ಎ’ ವಲಯದಲ್ಲಿ ತಿಂಗಳಿಗೆ ಚದರಡಿಗೆ 2.50 ರೂಪಾಯಿ, ‘ಎಫ್’ ವಲಯದಲ್ಲಿ 1 ರೂಪಾಯಿ. ಹತ್ತು ತಿಂಗಳಿಗೆ ಗುಣಿಸಿ, ಅದರ ಶೇ 20 ತೆರಿಗೆ, ತೆರಿಗೆಯ ಮೇಲೆ ಶೇ 24 ಉಪಕರ. ಕಟ್ಟಡದ ಸವಕಳಿ ಬಿಟ್ಟರೆ, ಸಾವಿರ ಚದರಡಿಯ ಮನೆಗೆ ‘ಎ’ ವಲಯದಲ್ಲಿ 6,200 ರೂಪಾಯಿ, ‘ಎಫ್’ ವಲಯದಲ್ಲಿ 2,480. 2016ರಲ್ಲಿ ದರಗಳೂ ಏರಿದವು, ಬೀದಿಗಳ ವಲಯಗಳೂ ಬದಲಾದವು. ಬದಲಾದದ್ದು ತಿಳಿಯದೆಯೋ ತಿಳಿದೋ ಹಳೆಯ ವಲಯದಂತೆಯೇ ಕಟ್ಟಿದ ಸುಮಾರು 78 ಸಾವಿರ ಆಸ್ತಿಗಳ ಮಾಲೀಕರಿಗೆ 2021ರ ಸುಮಾರಿಗೆ ವ್ಯತ್ಯಾಸದ ಮೊತ್ತ, ದಂಡ, ಬಡ್ಡಿ ಎಲ್ಲ ಸೇರಿಸಿ ನೋಟಿಸು ಬಂತು. ಗೆರೆ ಸರಿದದ್ದು ಕಂಪ್ಯೂಟರಿನಲ್ಲಿ. ಅದು ಮನೆ ಬಾಗಿಲಿಗೆ ತಲುಪಲು ಐದು ವರ್ಷ ಹಿಡಿಯಿತು.

ಇಷ್ಟಾದರೂ ಒಂದು ದೊಡ್ಡ ಅನುಕೂಲವಿತ್ತು. ‘ಎ’ ವಲಯದ 6,200 ರೂಪಾಯಿಯೂ ‘ಎಫ್’ ವಲಯದ 2,480 ರೂಪಾಯಿಯೂ ಹೋಗಿ ಬೀಳುತ್ತಿದ್ದುದು ಒಂದೇ ಹುಂಡಿಗೆ. ಆ ಹುಂಡಿಯಿಂದ ಹಂಚಿದ್ದು ನ್ಯಾಯವಾಗಿತ್ತೇ? ಖಂಡಿತ ಇಲ್ಲ. ಪ್ರಭಾವಿ ಶಾಸಕರ ಕ್ಷೇತ್ರಕ್ಕೆ ಮೇಲಿಂದ ಮೇಲೆ ಡಾಂಬರು, ಉಳಿದವರಿಗೆ ಭರವಸೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಕೇಳಲು ಒಂದು ಸ್ಥಳವಿತ್ತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ರೂಪುಗೊಂಡ ಮೇಲೆ ಹುಂಡಿಗಳೂ ಐದಾಗಿವೆ. ಆಯಾ ಪಾಲಿಕೆಯ ಆಸ್ತಿ ತೆರಿಗೆ ಆಯಾ ಪಾಲಿಕೆಗೇ ಸೇರಿದ್ದು.

ಇಲ್ಲಿ ಸ್ವಲ್ಪ ಗಣಿತ ಬೇಕಾಗುತ್ತದೆ. 2024–25ರಲ್ಲಿ ಬಿಬಿಎಂಪಿ ವಸೂಲು ಮಾಡಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಅದರಲ್ಲಿ ಸುಮಾರು 1,300 ಕೋಟಿ, ಅಂದರೆ ಕಾಲು ಭಾಗಕ್ಕಿಂತಲೂ ಹೆಚ್ಚು, ಮಹದೇವಪುರ ವಲಯವೊಂದರಿಂದಲೇ ಬಂತು. ಎಂಟು ವಲಯಗಳಲ್ಲಿ ಕೊನೆಯಲ್ಲಿದ್ದದ್ದು ದಾಸರಹಳ್ಳಿ. ಆ ಮಹದೇವಪುರ ವಲಯದ ಮಹದೇವಪುರ, ಕೆ.ಆರ್. ಪುರ ವಿಧಾನಸಭಾ ಕ್ಷೇತ್ರಗಳೇ ಈಗ ಪೂರ್ವ ಪಾಲಿಕೆ. ಅದಕ್ಕೆ ಸಿಕ್ಕ ವಾರ್ಡ್‌ಗಳು 369ರಲ್ಲಿ 50. ಪಶ್ಚಿಮ ಪಾಲಿಕೆಗೆ 112. ಆ ವರ್ಷದ ಅಂಕಿಗಳನ್ನೇ ಹಿಡಿದು ಸ್ಥೂಲವಾಗಿ ಲೆಕ್ಕ ಹಾಕಿದರೆ ಪೂರ್ವದಲ್ಲಿ ವಾರ್ಡೊಂದಕ್ಕೆ 26 ಕೋಟಿ ರೂಪಾಯಿಯ ತೆರಿಗೆ ಇದೆ; ಉಳಿದ ನಾಲ್ಕು ಪಾಲಿಕೆಗಳನ್ನು ಒಟ್ಟಿಗೆ ತೆಗೆದುಕೊಂಡರೆ 11 ಕೋಟಿ ಚಿಲ್ಲರೆ. ಒಂದೇ ನಗರ, ಒಂದೇ ಕಾಯ್ದೆ. ಗೆರೆಯ ಆ ಕಡೆಗೂ ಈ ಕಡೆಗೂ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ.

ಇದರಲ್ಲಿ ತಪ್ಪೇನು, ಕೊಟ್ಟವರಿಗೆ ಕೊಟ್ಟದ್ದು ಉಳಿಯಲಿ ಎಂದು ಪೂರ್ವದ ಗೆಳೆಯರು ಕೇಳುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಊರಿನ ಕಾಲು ಭಾಗ ಕಂದಾಯ ಕೊಟ್ಟು, ಮಳೆ ಬಂದಾಗ ದೋಣಿಯಲ್ಲಿ ಮನೆಯಿಂದ ಹೊರಬಂದವರು ಅವರು. ಇಷ್ಟು ವರ್ಷ ನಮ್ಮ ಹಣ ಎಲ್ಲೋ ಹೋಯಿತು, ಈಗಲಾದರೂ ನಮ್ಮ ರಾಜಕಾಲುವೆಗೆ ಬರಲಿ ಎಂಬುದು ಅತ್ಯಂತ ನ್ಯಾಯವಾದ ಬೇಡಿಕೆ. ಆದರೆ ಒಂದು ಸೂಕ್ಷ್ಮವನ್ನು ಅವರೂ ಒಪ್ಪಬೇಕು. ಆ 1,300 ಕೋಟಿಯನ್ನು ಹಿಗ್ಗಿಸಿದ್ದು ವಾಸದ ಮನೆಗಳು ಮಾತ್ರವಲ್ಲ. ವಾಸೇತರ ಕಟ್ಟಡಗಳ ದರ ಮನೆಗಳ ದರಕ್ಕಿಂತ ಹಲವು ಪಟ್ಟು ಹೆಚ್ಚು. ಟೆಕ್ ಪಾರ್ಕುಗಳು, ಮಾಲ್‌ಗಳು, ದೊಡ್ಡ ಆಸ್ಪತ್ರೆಗಳು ನಿಂತ ಕಡೆ ಕಂದಾಯ ತಾನಾಗಿ ಉಬ್ಬುತ್ತದೆ. ಆ ಕಟ್ಟಡಗಳಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವ ಎಂಜಿನಿಯರ್, ಕಾವಲುಗಾರ, ಕ್ಯಾಬ್ ಚಾಲಕ, ಶುಚಿ ಮಾಡುವ ಹೆಂಗಸು ಎಲ್ಲರೂ ಪೂರ್ವ ಪಾಲಿಕೆಯಲ್ಲೇ ವಾಸವಿಲ್ಲ. ಅವರ ಮನೆಯ ಕಸ ತೆಗೆಯುವವರು, ಅವರ ಮಕ್ಕಳು ಆಡುವ ಪಾರ್ಕು ನೋಡಿಕೊಳ್ಳುವವರು ಬೇರೆ ಪಾಲಿಕೆಯವರು. ದುಡಿಮೆ ಒಂದು ಪಾಲಿಕೆಯಲ್ಲಿ ತೆರಿಗೆಯಾಗುತ್ತದೆ, ದುಡಿಯುವವರ ಬದುಕು ಇನ್ನೊಂದು ಪಾಲಿಕೆಯ ಖರ್ಚಾಗುತ್ತದೆ. ಮೆಟ್ರೊ, ವರ್ತುಲ ರಸ್ತೆ, ಕಾವೇರಿ ನೀರು ಇವೆಲ್ಲ ಇಡೀ ಊರಿನ, ಇಡೀ ರಾಜ್ಯದ ಹಣದಿಂದ ಬಂದು ಆ ಜಮೀನಿನ ಬೆಲೆ ಏರಿಸಿದವು ಎಂಬುದನ್ನೂ ಮರೆಯಲಾಗದು.

ದೆಹಲಿಯ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಅಲ್ಲಿನ ಏಕೈಕ ಮಹಾನಗರ ಪಾಲಿಕೆಯನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಮಾಡಿದರು. ಉದ್ದೇಶ ಚೆನ್ನಾಗಿಯೇ ಇತ್ತು. ಸಣ್ಣದಾದರೆ ಜನರಿಗೆ ಹತ್ತಿರವಾಗುತ್ತದೆ ಎಂಬ ನಮ್ಮದೇ ವಾದ. ಶ್ರೀಮಂತ ಬಡಾವಣೆಗಳಿದ್ದ ದಕ್ಷಿಣ ಪಾಲಿಕೆ ನಡೆಯಿತು. ಯಮುನೆಯಾಚೆಯ ಪೂರ್ವ ಪಾಲಿಕೆ ಸಂಬಳ ಕೊಡಲಾಗದೆ ನಿಂತಿತು. ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರ ಹೂಡಿದರು, ಬೀದಿಗಳಲ್ಲಿ ಕಸದ ಗುಡ್ಡೆಗಳೆದ್ದವು. ಕೇಂದ್ರ ಸರ್ಕಾರ ಒಂದೆಡೆ, ದೆಹಲಿ ಸರ್ಕಾರ ಇನ್ನೊಂದೆಡೆ, ಹಣ ಕೊಡಬೇಕಾದವರು ಯಾರೆಂಬ ಜಗಳ ಮುಗಿಯಲೇ ಇಲ್ಲ. 2022ರ ಮೇ ತಿಂಗಳಲ್ಲಿ ಮೂರನ್ನೂ ಮತ್ತೆ ಒಂದು ಮಾಡಲಾಯಿತು. ಆ ತಿದ್ದುಪಡಿಗೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ ಪ್ರದೇಶ ಮತ್ತು ಆದಾಯ ಸಾಮರ್ಥ್ಯದ ಅಸಮ ಹಂಚಿಕೆ. ಹತ್ತು ವರ್ಷಗಳ ಹಿಂದೆ ಗೆರೆ ಎಳೆಯುವಾಗಲೂ ಆ ಅಸಮಾನತೆ ಕಣ್ಣಿಗೆ ಕಾಣುವಂತೆಯೇ ಇತ್ತು.

ಸೊರಗಿದ ಪಾಲಿಕೆಗೆ ರಾಜ್ಯ ಸರ್ಕಾರ ಅನುದಾನ ಕೊಡುತ್ತದೆ, ಒಂದು ಪಾಲಿಕೆಯ ತೆರಿಗೆ ಇನ್ನೊಂದಕ್ಕೆ ಹೋಗುವುದಿಲ್ಲ ಎಂಬುದು ನಮ್ಮಲ್ಲಿ ಕೇಳಿಬರುವ ಸಮಾಧಾನ. ನನಗೆ ಭಯವಿರುವುದು ಇದರ ಬಗ್ಗೆಯೇ. ಅನುದಾನ ಎಂಬುದು ಹಕ್ಕಲ್ಲ, ಕೃಪೆ. ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಪ್ರಾಧಿಕಾರದ ಕೆಳಗೆ ಐದು ಮೇಯರ್‌ಗಳು. ಅವರಲ್ಲಿ ಯಾರ ಪಕ್ಷ ಯಾವುದು ಎಂಬುದರ ಮೇಲೆ ಕೃಪೆಯ ಅಳತೆ ಬದಲಾಗದು ಎಂದು ಯಾರು ಖಾತ್ರಿ ಕೊಡುತ್ತಾರೆ? ಅನುದಾನಕ್ಕಾಗಿ ವಿಧಾನಸೌಧದ ಮೆಟ್ಟಿಲು ಹತ್ತುವ ಮೇಯರ್ ಹೆಸರಿಗೆ ಮಾತ್ರ ಮೇಯರ್.

ಬೇರೆ ಊರುಗಳು ಇದಕ್ಕೆ ಕಾನೂನಿನಲ್ಲೇ ಉತ್ತರ ಬರೆದುಕೊಂಡಿವೆ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಜೋಡಿನಗರಗಳ ಸುತ್ತ ಏಳು ಕೌಂಟಿಗಳು, ಅವುಗಳೊಳಗೆ ಹತ್ತಾರು ಪುಟ್ಟ ಪುರಸಭೆಗಳು. ಪ್ರತಿಯೊಂದೂ ಕಾರ್ಖಾನೆಯನ್ನೋ ಕಚೇರಿ ಸಂಕೀರ್ಣವನ್ನೋ ತನ್ನ ಗಡಿಗೆ ಎಳೆದುಕೊಳ್ಳಲು ಹೋರಾಡುತ್ತಿತ್ತು. 1971ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾಯ್ದೆ ಮಾಡಿತು. ಆ ವರ್ಷದ ನಂತರ ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯ ತೆರಿಗೆ ಮೂಲ ಎಷ್ಟು ಬೆಳೆಯುತ್ತದೋ ಅದರ ಶೇ 40 ಭಾಗ ಸಾಮಾನ್ಯ ನಿಧಿಗೆ. ಅಲ್ಲಿಂದ ಜನಸಂಖ್ಯೆ ಮತ್ತು ಆಸ್ತಿಮೌಲ್ಯದ ಸೂತ್ರದಂತೆ ಎಲ್ಲ ಪುರಸಭೆಗಳಿಗೆ. ಹಳೆಯದನ್ನು ಯಾರಿಂದಲೂ ಕಿತ್ತುಕೊಳ್ಳಲಿಲ್ಲ, ಮನೆಗಳನ್ನು ಮುಟ್ಟಲಿಲ್ಲ. ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟು, ಗೆದ್ದು, ಅರ್ಧ ಶತಮಾನದಿಂದ ಅದು ನಡೆದುಕೊಂಡು ಬಂದಿದೆ. ದಕ್ಷಿಣ ಕೊರಿಯಾದ ಸೋಲ್ ನಗರ ಇನ್ನೂ ದಿಟ್ಟವಾಗಿ ಹೋಯಿತು. 25 ಜಿಲ್ಲೆಗಳ ಆ ಊರಿನಲ್ಲಿ ಗಂಗ್ನಮ್‌ನಂಥ ಸಿರಿವಂತ ಜಿಲ್ಲೆಗೂ ಉತ್ತರದ ಬಡ ಜಿಲ್ಲೆಗಳಿಗೂ ಅಜಗಜಾಂತರ. 2008ರಲ್ಲಿ ಜಿಲ್ಲೆಗಳ ಆಸ್ತಿ ತೆರಿಗೆಯ ಶೇ 40 ಭಾಗವನ್ನು ನಗರದ ಮಟ್ಟದಲ್ಲಿ ಒಟ್ಟುಗೂಡಿಸಿ ಇಪ್ಪತ್ತೈದಕ್ಕೂ ಸಮನಾಗಿ ಹಂಚತೊಡಗಿದರು. 2010ರಿಂದ ಅದು ಶೇ 50.

ಸೋಲ್ ಮಾದರಿ ನಮಗೆ ಒಗ್ಗದು ಎಂದೇ ನನ್ನ ಭಾವನೆ. ಇದ್ದದ್ದರಲ್ಲಿ ಅರ್ಧ ಕೊಡಿ ಎಂದರೆ ಪೂರ್ವದವರು ಬೀದಿಗಿಳಿದಾರು, ಅವರ ರಾಜಕಾಲುವೆಗಳ ಸ್ಥಿತಿ ನೋಡಿದರೆ ಅದು ತಪ್ಪೂ ಅಲ್ಲ. ಮಿನ್ನೆಸೋಟದ ದಾರಿ ನಮ್ಮ ಸ್ಥಿತಿಗೆ ಹತ್ತಿರವಾದದ್ದು. 2025–26ರ ವಸೂಲಿಯನ್ನು ತಳಹದಿ ಎಂದಿಟ್ಟುಕೊಳ್ಳೋಣ. ಅದಷ್ಟೂ ಆಯಾ ಪಾಲಿಕೆಯದೇ. ಮನೆಗಳ ತೆರಿಗೆ ಮುಂದೆ ಎಷ್ಟೇ ಬೆಳೆದರೂ ಆಯಾ ಪಾಲಿಕೆಯದೇ. ವಾಸೇತರ ಕಟ್ಟಡಗಳಿಂದ ಮುಂದೆ ಬರುವ ಹೆಚ್ಚಳದಲ್ಲಿ ಒಂದು ಪಾಲು ಮಾತ್ರ ಐದು ಪಾಲಿಕೆಗಳ ಸಾಮಾನ್ಯ ನಿಧಿಗೆ ಹೋಗಲಿ. ಜನಸಂಖ್ಯೆ, ಕೊಳೆಗೇರಿಗಳಲ್ಲಿ ಇರುವವರ ಸಂಖ್ಯೆ, ಒಳಚರಂಡಿ ಇಲ್ಲದ ಮನೆಗಳು ಇವನ್ನು ಆಧರಿಸಿದ ಸೂತ್ರದಂತೆ ಅದು ಹಂಚಿಕೆಯಾಗಲಿ. ಆ ಸೂತ್ರ ಸರ್ಕಾರಿ ಆದೇಶದಲ್ಲಿರದೆ ಕಾಯ್ದೆಯಲ್ಲೇ ಇರಲಿ.

ಕಂದಾಯ ಹಂಚಿಕೊಳ್ಳುವುದು ನಮಗೆ ತೀರ ಹೊಸದೂ ಅಲ್ಲ. ನಮ್ಮ ತೆರಿಗೆ ರಸೀದಿಯಲ್ಲಿ ಬರುವ ಶೇ 24ರ ಉಪಕರವನ್ನೇ ನೋಡಿ. ಅದರಲ್ಲಿ ಶೇ 6 ಗ್ರಂಥಾಲಯಕ್ಕೆ, ಶೇ 3 ಭಿಕ್ಷುಕರ ಪುನರ್ವಸತಿಗೆ. ಅವು ಪಾಲಿಕೆಯ ಹಣವೇ ಅಲ್ಲ. ವಸೂಲು ಮಾಡಿ ದಾಟಿಸಬೇಕಾದ ಹಣ. ನಮ್ಮ ಬೀದಿಯವರು ಕಟ್ಟಿದ ಆರು ರೂಪಾಯಿ ಯಾವುದೋ ಬಡಾವಣೆಯ ವಾಚನಾಲಯದ ಪತ್ರಿಕೆಗೆ ಹೋಗುತ್ತದೆಂದು ಈವರೆಗೆ ಯಾರೂ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ. ಹೌದು, ಹಾಗೆ ವಸೂಲಾದ ಗ್ರಂಥಾಲಯ ಉಪಕರ ಪೂರ್ತಿ ದಾಟದೆ ನೂರಾರು ಕೋಟಿ ಬಾಕಿ ಬೆಳೆದ ಕತೆಯೂ ಇದೆ. ಆದ್ದರಿಂದಲೇ ಹೊಸ ನಿಧಿ ಪಾಲಿಕೆಗಳ ಖಾತೆಯೊಳಗೆ ಹೋಗಿ ಹೊರಬರುವಂತಿರಬಾರದು; ತೆರಿಗೆ ಕಟ್ಟಿದ ದಿನವೇ ಪಾಲು ಪ್ರತ್ಯೇಕವಾಗುವ ಏರ್ಪಾಡು ಬೇಕು. ಕಂದಾಯ ಆನ್‌ಲೈನ್ ಆಗಿರುವ ಕಾಲದಲ್ಲಿ ಇದೇನೂ ಕಷ್ಟವಲ್ಲ.

ಗಡಿಯ ಕೆಲಸವನ್ನೂ ಇದರ ಜೊತೆಗೇ ಸರಿಪಡಿಸಬೇಕು. ವಾರ್ಡ್ ವಿಂಗಡಣೆ ಸ್ವತಂತ್ರ ಆಯೋಗದ ಕೈಗೆ ಹೋಗಲಿ. ಪ್ರತಿ ಕರಡು ನಕ್ಷೆಯ ಜೊತೆಗೆ ಆ ವಾರ್ಡಿನ ಜನಸಂಖ್ಯೆಯನ್ನಷ್ಟೇ ಅಲ್ಲ, ಅಲ್ಲಿ ವಸೂಲಾಗುವ ಕಂದಾಯವನ್ನೂ ಅಲ್ಲಿ ಖರ್ಚಾದ ಹಣವನ್ನೂ ಮುದ್ರಿಸಲಿ. ಆಗ ಆಕ್ಷೇಪಣೆ ಸಲ್ಲಿಸುವವರಿಗೆ ತಾವು ಏನನ್ನು ಆಕ್ಷೇಪಿಸುತ್ತಿದ್ದೇವೆ ಎಂಬುದಾದರೂ ತಿಳಿಯುತ್ತದೆ. ಈಗ ಸಿಗುವುದು ಬಣ್ಣ ತುಂಬಿದ ನಕ್ಷೆ ಮತ್ತು ಉತ್ತರಕ್ಕೆ ಇಂಥ ರಸ್ತೆ, ದಕ್ಷಿಣಕ್ಕೆ ಇಂಥ ಮೋರಿ ಎಂಬ ಚಕ್ಕುಬಂದಿ.

2027ರ ಜನಗಣತಿಯ ಅಂಕಿಗಳು ಹೊರಬಂದ ದಿನ 369 ವಾರ್ಡ್‌ಗಳ ಈ ನಕ್ಷೆ ಹಳತಾಗುತ್ತದೆ. ಮಹದೇವಪುರದ ಕಡೆ ಜನ ಎಷ್ಟು ಹೆಚ್ಚಿದ್ದಾರೆಂಬುದು ಆಗ ಅಧಿಕೃತವಾಗಿ ಗೊತ್ತಾಗುತ್ತದೆ. ಪೂರ್ವದವರು ಹೆಚ್ಚು ವಾರ್ಡ್ ಕೇಳುತ್ತಾರೆ, ಅದು ಅವರ ಹಕ್ಕು. ಉಳಿದ ನಾಲ್ಕು ಪಾಲಿಕೆಗಳು ಆ ಮಾತುಕತೆಗೆ ಕೂರುವಾಗ ಕಂದಾಯದ ಪ್ರಶ್ನೆಯನ್ನೂ ಮೇಜಿನ ಮೇಲಿಡಲಿ. ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂಬುದು ಆ ಹೊತ್ತಿಗೆ ಪೈಸೆ ಲೆಕ್ಕದಲ್ಲಿ ತಿಳಿದುಬಿಟ್ಟಿರುತ್ತದೆ, ಆಮೇಲೆ ಸೂತ್ರ ಬರೆಯಲು ಯಾರೂ ಒಪ್ಪುವುದಿಲ್ಲ. ಅದಕ್ಕೆ ಮೊದಲೇ, ಅಂಕಿಗಳು ಇನ್ನೂ ಮಸುಕಾಗಿರುವಾಗಲೇ, ಅದನ್ನು ಬರೆದಿಡಬೇಕಾಗಿದೆ.